ದುಡ್ಡು ತಗೊಂಡ ಮೇಲೆ ಆ ರಾತ್ರಿ ಮನೆ ಯಾರದ್ರೀ?

"ನಮ್ಮ ಮನಿ, ನಮ್ಮ ಕ್ಯಾಮೆರಾ. ಎರಡು ದಿನ ಇದ್ದು ಹೋಗೋರಿಗೆ ಏನ್ ತ್ರಾಸಲೇ?"

ಇದು ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬನ ವಾದ. ನಮ್ಮ ಮಾನ್ವಿ ಕಡೆಯವನೇ, ಈಗ ಬೆಂಗಳೂರಲ್ಲಿ ನನ್ನ ಹಾಗೇ ಕೋಡು ಕುಟ್ಟೋ ಕೂಲಿ :-) ಸಾಲ ಮಾಡಿ ಎರಡು ಬೆಡ್‌ರೂಮಿನ ಫ್ಲಾಟ್ ತಗೊಂಡ. ತಾನು ಆಫೀಸಿನ ಹತ್ತಿರ ಬಾಡಿಗೆಗೆ ಇದ್ದುಕೊಂಡು ಆ ಫ್ಲಾಟನ್ನು ದಿನದ ಲೆಕ್ಕಕ್ಕೆ ಬಿಡ್ತಾನೆ. ಹಾಲಿನಲ್ಲಿ ಟಿವಿ ಪಕ್ಕ ಒಂದು ಬಿಳೀ ಕ್ಯಾಮೆರಾ ಕೂರಿಸಿದ್ದಾನೆ. ಅದನ್ನು ನೋಡಿದ ಒಂದು ಕುಟುಂಬ ರಾತ್ರೋರಾತ್ರಿ ಖಾಲಿ ಮಾಡಿ, ದೂರು ಕೊಟ್ಟು, ಪೂರ್ತಿ ದುಡ್ಡು ವಾಪಸ್ ತಗೊಂಡು, ಮೇಲಿಂದ ಒಂದು ಸ್ಟಾರ್ ಒತ್ತಿ ಹೋಗಿದೆ. ಇವನಿಗೆ ಹೊಟ್ಟೆ ಉರಿ. ಇಂಥ ಮನೆ ಬಿಡುವ ಇನ್ನೂ ನಾಲ್ಕು ಜನರ ಹತ್ತಿರ ಮಾತಾಡಿದೆ, ಎಲ್ಲರದೂ ಇದೇ ರಾಗ. ಅತಿಥಿಗಳಿಗೆ ದುರಹಂಕಾರ ಜಾಸ್ತಿ ಆಗಿದೆ, ಸೆಕ್ಯೂರಿಟಿ ಅಂದ್ರೆ ಗೊತ್ತಿಲ್ಲ, ರಿಫಂಡ್‌ಗೋಸ್ಕರ ನಾಟಕ ಆಡ್ತಾರೆ.... ಹೀಗೆ.

ನಾನು ಆ ಕುಟುಂಬದ ಕಡೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ತಡ್ಕೊಳ್ಳಿ.

ಮೊದಲು ಮನೆಯವರ ಕಷ್ಟ. ಅದು ಸುಳ್ಳಲ್ಲ. ನಾಲ್ಕು ಜನ ಅಂತ ಬುಕ್ ಮಾಡಿ ಹನ್ನೊಂದು ಜನ ಬರ್ತಾರೆ. ರಾತ್ರಿ ಎರಡು ಗಂಟೆಗೆ ಸ್ಪೀಕರ್ ಹಾಕ್ತಾರೆ, ಬೆಳಗ್ಗೆ ಅಸೋಸಿಯೇಶನ್ ಸೆಕ್ರೆಟರಿ ಫೋನ್ ಮಾಡೋದು ಮನೆಯವನಿಗೆ. ಎರಡು ರಾತ್ರಿ ಹಾಯಾಗಿ ಮಲಗಿ, ಮೂರನೇ ದಿನ "ಜಿರಳೆ ಇತ್ತು" ಅಂತ ಫೋಟೋ ಕಳಿಸಿ ಅರ್ಧ ದುಡ್ಡು ಕೇಳೋ ಮಹಾನುಭಾವರೂ ಇದ್ದಾರೆ. ಇದೆಲ್ಲ ಒಪ್ಪಿದೆ.

ಆದ್ರೆ ಇದರಲ್ಲಿ ಯಾವುದಕ್ಕೆ ಹಾಲಿನ ಒಳಗೆ ಕ್ಯಾಮೆರಾ ಬೇಕು? ಹನ್ನೊಂದು ಜನ ಬಂದ್ರೋ ಇಲ್ವೋ ಅನ್ನೋದು ಬಾಗಿಲ ಹೊರಗಿನ ಕ್ಯಾಮೆರಾಗೇ ಗೊತ್ತಾಗುತ್ತೆ. ಅದು ಅಲ್ಲಿದೆ ಅಂತ ಮೊದಲೇ ಹೇಳಿದ್ರೆ ನನ್ನ ತಕರಾರಿಲ್ಲ. ಸೋಫಾ ಹರಿದ್ರೆ, ಟಿವಿ ಒಡೆದ್ರೆ ಏನು ಮಾಡೋದು ಅಂತೀರಾ? ಅತಿಥಿ ಬರೋ ಮುಂಚೆ ಒಂದು ಸುತ್ತು ಫೋಟೋ, ಹೋದ ಮೇಲೆ ಒಂದು ಸುತ್ತು ಫೋಟೋ. ಏರ್‌ಬಿಎನ್‌ಬಿಯಲ್ಲಿ ಅತಿಥಿ ಹೋದ 14 ದಿನದೊಳಗೆ ನಷ್ಟದ ಕ್ಲೇಮ್ ಹಾಕಬೇಕು, ಅದಕ್ಕೆ ಫೋಟೋ, ಬಿಲ್ಲು, ರಿಪೇರಿ ಅಂದಾಜು ಸಾಕು. ಅತಿಥಿಯ ಹೆಂಡತಿ ನೈಟಿ ಹಾಕ್ಕೊಂಡು ಟೀ ಕುಡಿಯೋ ವಿಡಿಯೋವನ್ನ ಯಾವ ಕ್ಲೇಮ್ ಫಾರ್ಮೂ ಕೇಳಲ್ಲ.

"ನಾ ಲಿಸ್ಟಿಂಗ್‌ನ್ಯಾಗ ಬರದೀನಲೇ, ಸಿಸಿಟಿವಿ ಅದ ಅಂತ" ಅಂತಾನೆ ಗೆಳೆಯ. ಬರೆದಿದ್ದಾನೆ, ಹೌದು. ಎಲ್ಲಿ? ಈಜುಕೊಳ, ಲಿಫ್ಟು, ಇಸ್ತ್ರಿ ಪೆಟ್ಟಿಗೆ ಎಲ್ಲ ಆದ ಮೇಲೆ, "ಇನ್ನಷ್ಟು ತೋರಿಸಿ" ಒತ್ತಿದ್ರೆ ಕೊನೆಯ ಸಾಲಲ್ಲಿ. ಹಾಲಿನಲ್ಲಿದೆ ಅಂತಲೂ ಇಲ್ಲ, "ಭದ್ರತೆಗಾಗಿ ಕ್ಯಾಮೆರಾ ಇದೆ" ಅಂತ ಅಷ್ಟೇ. ಏರ್‌ಬಿಎನ್‌ಬಿ ಕೂಡ ಬಹಳ ವರ್ಷ ಇದೇ ಅಡ್ಡಗೋಡೆ ಮೇಲೆ ಕೂತಿತ್ತು. ಹಾಲು, ಪ್ಯಾಸೇಜಿನಂಥ ಜಾಗದಲ್ಲಿ ಕ್ಯಾಮೆರಾ ಇಡಬಹುದು, ಲಿಸ್ಟಿಂಗ್‌ನಲ್ಲಿ ಹೇಳಿದ್ರೆ ಸಾಕು ಅನ್ನೋ ನಿಯಮ. 2024ರ ಮಾರ್ಚ್‌ನಲ್ಲಿ ಅದನ್ನ ಬದಲಾಯಿಸಿದ್ರು. 2024ರ ಏಪ್ರಿಲ್ 30ರಿಂದ ಮನೆಯೊಳಗೆ ಕ್ಯಾಮೆರಾ ಪೂರ್ತಿ ನಿಷೇಧ, ಹೇಳಿದ್ರೂ ಅಷ್ಟೇ, ಹೇಳದಿದ್ರೂ ಅಷ್ಟೇ. ಹೊರಗಿನ ಕ್ಯಾಮೆರಾ ಇಡಬಹುದು, ಎಲ್ಲಿದೆ ಅಂತ ಹೇಳಬೇಕು, ಅದು ಮನೆಯೊಳಗೆ ಇಣುಕಬಾರದು. ಗಲಾಟೆ ಅಳೆಯೋ ಡೆಸಿಬಲ್ ಮೀಟರ್ ಇಡಬಹುದು, ಆದ್ರೆ ಅದು ಮಾತು ರೆಕಾರ್ಡ್ ಮಾಡಬಾರದು.

ಅವರಿಗೆ ಜ್ಞಾನೋದಯ ಆಗೋಕೆ ಎಷ್ಟು ಕಾಲ ಹಿಡಿಯಿತು ನೋಡಿ. 2024ರ ಜುಲೈಯಲ್ಲಿ ಸಿಎನ್‌ಎನ್ ಒಂದು ತನಿಖಾ ವರದಿ ಮಾಡಿತು. ಕೋರ್ಟ್ ಕೇಸೊಂದರಲ್ಲಿ ಕಂಪನಿಯ ಪ್ರತಿನಿಧಿಯೇ ಒಪ್ಪಿಕೊಂಡ ಲೆಕ್ಕ ಅದರಲ್ಲಿತ್ತು: ಸುಮಾರು ಹತ್ತು ವರ್ಷದಲ್ಲಿ ಕ್ಯಾಮೆರಾ, ರೆಕಾರ್ಡಿಂಗ್ ಸಾಧನದ ವಿಷಯಕ್ಕೆ 35,000 ಸಪೋರ್ಟ್ ಟಿಕೆಟ್. ಒಂದೇ ದೂರಿಗೆ ಹಲವು ಟಿಕೆಟ್ ಆಗಿರಬಹುದು ಅಂತ ಕಂಪನಿ ಸಮಜಾಯಿಷಿ ಕೊಟ್ಟಿತು. ಇರಬಹುದಪ್ಪ, ನಾವೂ ಟಿಕೆಟ್ ಲೆಕ್ಕ ಬರೆಯೋ ಜನಾನೇ, ಗೊತ್ತು. ಹತ್ತರಲ್ಲಿ ಒಂದು ಅಂತ ಹಿಡಿದ್ರೂ ಸಣ್ಣ ಸಂಖ್ಯೆ ಅಲ್ಲ.

ಇದರಲ್ಲೊಂದು ಕಿತಾಪತಿ ಇದೆ. ಆ್ಯಪ್ ನಿಯಮ ಬಿಗಿ ಮಾಡಿದ ಕೂಡಲೇ ಕೆಲವರು ಇನ್‌ಸ್ಟಾಗ್ರಾಂ, ವಾಟ್ಸಾಪ್‌ನಲ್ಲೇ ಬುಕಿಂಗ್ ತಗೊಳ್ಳೋಕೆ ಶುರು ಮಾಡಿದ್ದಾರೆ. ಕಮಿಷನ್ನೂ ಉಳಿಯಿತು, ನಿಯಮದ ಕಾಟವೂ ಇಲ್ಲ!

ಇರಲಿ, "ನಮ್ಮ ಮನಿ" ವಾದಕ್ಕೆ ಬರೋಣ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು 24 ಆಗಸ್ಟ್ 2017ರಂದು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನಮ್ಮ ಬ್ಲಾಗ್ ಬಳಗದಲ್ಲಿ ಯಾರಾದ್ರೂ ಎರಡು ಸಾಲು ಬರೆದ್ರಾ? ನನಗಂತೂ ಕಾಣಲಿಲ್ಲ. ಆ ತೀರ್ಪು ಮುಖ್ಯವಾಗಿ ಸರ್ಕಾರದ ಎದುರಿನ ಹಕ್ಕಿನದು, ನನ್ನ ಫ್ಲಾಟಿಗೇನು ಸಂಬಂಧ ಅಂತ ಗೆಳೆಯ ಕೇಳಬಹುದು. ಅದಕ್ಕೆ ಕಲ್ಕತ್ತಾದ ಅಣ್ಣತಮ್ಮಂದಿರ ಕೇಸು ನೋಡಲಿ. ಒಂದೇ ಮನೆಯಲ್ಲಿ ಇಬ್ಬರೂ ವಾಸ, ಒಬ್ಬ ವಾಸದ ಜಾಗದ ಒಳಗೆ ಕ್ಯಾಮೆರಾ ಹಾಕಿಸಿದ, ಇನ್ನೊಬ್ಬ ಕೋರ್ಟಿಗೆ ಹೋದ. ಜೊತೆಗೆ ವಾಸ ಮಾಡುವವರ ಒಪ್ಪಿಗೆ ಇಲ್ಲದೆ ಹಾಗೆ ಮಾಡುವಂತಿಲ್ಲ ಅಂತ 2025ರ ಫೆಬ್ರವರಿಯಲ್ಲಿ ಕಲ್ಕತ್ತಾ ಹೈಕೋರ್ಟ್ ಹೇಳಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲಿಲ್ಲ. ಹಾಲುದಾರ ಅಣ್ಣತಮ್ಮನಿಗೇ ಈ ಗತಿ ಅಂದ್ರೆ, ರಾತ್ರಿಗೆ ಮೂರೂವರೆ ಸಾವಿರ ಎಣಿಸಿಕೊಂಡು ಬೀಗದ ನಂಬರ್ ಕೊಟ್ಟವನಿಗೆ ಯಾವ ಹಕ್ಕು? ಆ ರಾತ್ರಿಯ ಮಟ್ಟಿಗೆ ಮನೆ ಮಾರಿ ಆಗಿದೆ ಸ್ವಾಮೀ.

ನಮ್ಮೂರು ಚೀಕಲಪರ್ವಿ. ತುಂಗಭದ್ರೆ ದಂಡೆಯ ಊರು, ವಿಜಯದಾಸರ ಊರು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಕಾರ್ತಿಕ ಶುದ್ಧ ದಶಮಿಗೆ ದಾಸರ ಆರಾಧನೆ. ಆಗ ಪರ ಊರಿಂದ ಬಂದವರು ಎಲ್ಲೆಲ್ಲಿ ಜಾಗ ಸಿಗುತ್ತೋ ಅಲ್ಲಿ ಮಲಗ್ತಾರೆ. ನಾನು ಸಣ್ಣವನಿದ್ದಾಗ ನಮ್ಮನೆ ಪಡಸಾಲೆಯಲ್ಲೂ ಗುರುತಿಲ್ಲದವರು ಮಲಗಿದ್ದು ನೆನಪಿದೆ. ಕ್ಯಾಮೆರಾ ಇರಲಿಲ್ಲ. ನಮ್ಮಜ್ಜಿ ಇದ್ದಳು. ಯಾವ ಸಿಸಿಟಿವಿಗಿಂತ ಕಮ್ಮಿ ಇಲ್ಲ ಆಕೆ :-) ಯಾರು ಎಷ್ಟೊತ್ತಿಗೆ ಹೊಳೆಗೆ ಹೋದ್ರು, ಯಾರು ತಂಬಿಗೆ ಎಲ್ಲಿಟ್ರು, ಎಲ್ಲ ಲೆಕ್ಕ. ಆದ್ರೆ ಬಂದವರಿಗೂ ಆಕೆ ಕಾಣ್ತಿದ್ದಳು. ಹೆಣ್ಮಕ್ಕಳು "ಅವ್ವಾ, ಸ್ವಲ್ಪ ಆ ಕಡಿ ಹೋಗ್ರಿ, ಸೀರಿ ಉಟ್ಕೋಬೇಕು" ಅಂದ್ರೆ ಎದ್ದು ಹೋಗ್ತಿದ್ದಳು. ಕ್ಯಾಮೆರಾಗೆ ಹೀಗೆ ಹೇಳೋದು ಹೇಗೆ? ಅದರ ಹಿಂದೆ ಯಾರು ಕೂತಿದ್ದಾರೆ, ಈಗ ಕೂತಿದ್ದಾರೋ ಇಲ್ವೋ, ನಾಳೆ ಮತ್ತೆ ಹಾಕಿ ನೋಡ್ತಾರೋ, ಯಾವುದೂ ಗೊತ್ತಾಗಲ್ಲ.

ಹಳ್ಳಿ ಅಂದ್ರೆ ಸ್ವರ್ಗ ಅಂತ ಹಾಡೋಕೆ ಹೊರಟಿಲ್ಲ. "ಯಾವೂರು, ಯಾರ ಪೈಕಿ" ಅಂತ ಕೇಳಿಯೇ ಪಡಸಾಲೆಯೋ ಕಟ್ಟೆಯೋ ಅಂತ ತೀರ್ಮಾನ ಆಗ್ತಿತ್ತು, ಅದರ ಅರ್ಥ ನಿಮಗೆಲ್ಲ ಗೊತ್ತು. ನಾನು ಹೇಳ್ತಿರೋದು ಇಷ್ಟೇ, ಅಲ್ಲಿ ನೋಡುವವರು ಮನೆಯಲ್ಲೇ ಇದ್ರು. ಕೇಂದ್ರ ಸರ್ಕಾರದ 'ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಯೋಜನೆಯಲ್ಲೂ ಆರು ರೂಮಿನ ಮಿತಿ ಜೊತೆಗೆ ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು ಅನ್ನೋ ಷರತ್ತಿದೆ. ಬೆಂಗಳೂರಿನ ಫ್ಲಾಟ್ ಧಂಧೆಯಲ್ಲಿ ಮನೆಯವರೂ ಇಲ್ಲ, ಒಂದು ಲೋಟ ನೀರು ಕೊಡೋರೂ ಇಲ್ಲ. ಕೀಲಿ ಕೊಡೋಕೂ ಜನ ಬೇಡ, ನಂಬರ್ ಬೀಗ. ಆ ಖರ್ಚೆಲ್ಲ ಉಳಿಸಿಕೊಂಡು, ಅದರ ಬದಲು ಎರಡೂವರೆ ಸಾವಿರದ ಕ್ಯಾಮೆರಾ ಕೂರಿಸಿ, ಅದಕ್ಕೆ ಅತಿಥಿ ಸತ್ಕಾರ ಅನ್ನೋ ಹೆಸರು!!

ಈಗ ನಮ್ಮ ಕಸುಬಿನ ಮಾತು. ಈ ಕ್ಯಾಮೆರಾ ಅಂದ್ರೆ ಮಸೂರ, ಮೈಕು ಇರೋ ಪುಟ್ಟ ಲಿನಕ್ಸ್ ಕಂಪ್ಯೂಟರ್. ಅದರಲ್ಲಿ ಮೈಕ್ ಇದೆ ಅನ್ನೋದನ್ನ ಬಹಳ ಜನ ಮರೀತಾರೆ. ಬೆಡ್‌ರೂಮಲ್ಲಿ ಕ್ಯಾಮೆರಾ ಇಲ್ಲ ಅಂತ ಸಮಾಧಾನ ಹೇಳೋದುಂಟು, ಹಾಲಿನ ಮೈಕಿಗೆ ಬೆಡ್‌ರೂಮಿನ ಜಗಳ ಕೇಳಲ್ವಾ? 2016ರಲ್ಲಿ ಮಿರಾಯ್ ಅನ್ನೋ ಪ್ರೋಗ್ರಾಂ ಸುಮಾರು 60 ಡೀಫಾಲ್ಟ್ ಪಾಸ್‌ವರ್ಡ್ ಜೋಡಿಗಳನ್ನ ಒಂದೊಂದಾಗಿ ಬಡಿದು ನೋಡಿಯೇ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನ ವಶ ಮಾಡಿಕೊಂಡಿತ್ತು. ಆ ವರ್ಷ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್ ಮಲಗಿದ್ದು ಇಂಥ ಪೆಟ್ಟಿಗೆಗಳ ದಾಳಿಯಿಂದ. ದೂರದ ಮಾತು ಬೇಡ ಅಂದ್ರೆ ರಾಜಕೋಟ್ ಇದೆ. 2025ರ ಫೆಬ್ರವರಿಯಲ್ಲಿ ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿಯಿಂದ ಕದ್ದ, ಹೆಣ್ಣುಮಕ್ಕಳನ್ನ ಪರೀಕ್ಷೆ ಮಾಡುವ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕಿದ್ದವು. ಆ ಕ್ಯಾಮೆರಾವನ್ನೂ ಹಾಕಿಸಿದ್ದು ಸೆಕ್ಯೂರಿಟಿ ಅಂತಲೇ ಇರಬೇಕಲ್ಲ?

ಗೆಳೆಯನನ್ನ ಕೇಳಿದೆ, ನಿನ್ನ ಕ್ಯಾಮೆರಾ ಆ್ಯಪ್ ಯಾರ್ಯಾರ ಫೋನಲ್ಲಿದೆ? ಮೂರು ಫೋನು. ಅವನದು, ಅವನ ತಮ್ಮನದು, ಕ್ಲೀನಿಂಗ್‌ಗೆ ಬರೋ ಹುಡುಗನದು. ಮೂವರಿಗೂ ಒಂದೇ ಲಾಗಿನ್. ಕಳೆದ ಶನಿವಾರ ರಾತ್ರಿ ಅದನ್ನ ತೆಗೆದು ನೋಡಿದ್ದು ಯಾರು? "ಅದ್ಹೆಂಗ ಗೊತ್ತಾಗ್ತದಲೇ" ಅಂದ. ಅಲ್ಲಾ ದೋಸ್ತ, ಆಫೀಸಿನಲ್ಲಿ ಪ್ರೊಡಕ್ಷನ್ ಡೇಟಾಬೇಸಿನ ಒಂದು ಸಾಲು ನೋಡಬೇಕಾದ್ರೆ ನೀನು ಟಿಕೆಟ್ ಎತ್ತಬೇಕು, ಮ್ಯಾನೇಜರ್ ಹೂಂ ಅನ್ನಬೇಕು, ಯಾರು ಯಾವಾಗ ಏನು ನೋಡಿದ್ರು ಅಂತ ಲಾಗ್ ಬೀಳಬೇಕು. ಯಾರದೋ ಕ್ರೆಡಿಟ್ ಕಾರ್ಡಿನ ಕೊನೆಯ ನಾಲ್ಕು ಅಂಕಿಗೆ ಇಷ್ಟು ಮರ್ಯಾದೆ. ನಿನ್ನ ಹಾಲಿನಲ್ಲಿ ಮಗುವಿಗೆ ಹಾಲು ಕುಡಿಸೋ ತಾಯಿಗೆ ಅಷ್ಟೂ ಇಲ್ವಾ?

ಕಾನೂನು ಏನನ್ನುತ್ತೆ? ಬಾತ್‌ರೂಮು, ಬೆಡ್‌ರೂಮಿನ ವಿಷಯಕ್ಕೆ ಗಟ್ಟಿಯಾಗಿದೆ. ಐಟಿ ಕಾಯ್ದೆಯ 66ಇ ಇದೆ, ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಐಪಿಸಿಗೆ 2013ರಲ್ಲಿ ಸೇರಿದ್ದ 354ಸಿ, 1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಆಗಿದೆ, ಮೊದಲ ಸಲಕ್ಕೇ ಕನಿಷ್ಠ ಒಂದು ವರ್ಷ. ಆದ್ರೆ ಇವೆಲ್ಲ ದೇಹದ ಖಾಸಗಿ ಭಾಗ, ಖಾಸಗಿ ಕ್ರಿಯೆಯ ಸುತ್ತ ಇವೆ. ಹಾಲಿನಲ್ಲಿ ಊಟ ಮಾಡೋದು, ಅಳೋದು, ಸಂಬಳದ ಬಗ್ಗೆ ಗಂಡ ಹೆಂಡತಿ ಕಿತ್ತಾಡೋದು ಇದರಲ್ಲಿ ಬರಲ್ಲ. ಗೆಳೆಯನಂಥವರು ನಿಂತಿರೋದು ಈ ಸಂದಿಯಲ್ಲೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಸಂದಿ ಮುಚ್ಚಬಹುದಿತ್ತು. ಅದರ ನಿಯಮಗಳು ಬಂದಿದ್ದೇ 2025ರ ನವೆಂಬರ್‌ನಲ್ಲಿ, ಮುಖ್ಯ ಬಾಧ್ಯತೆಗಳಿಗೆ ಮತ್ತೆ 18 ತಿಂಗಳ ವಾಯಿದೆ.

ಇಷ್ಟು ಹೇಳಿದ ಮೇಲೂ ಕೊನೆಯ ಅಸ್ತ್ರ ಒಂದಿರುತ್ತೆ, ಸಾಣಾಪುರ. 2025ರ ಮಾರ್ಚ್ 6ರ ರಾತ್ರಿ ಹಂಪಿ ಹತ್ತಿರದ ಸಾಣಾಪುರದಲ್ಲಿ ಹೋಂಸ್ಟೇ ನಡೆಸುವ ಹೆಣ್ಣುಮಗಳ ಮೇಲೆ, ಆಕೆಯ ಅತಿಥಿಯಾಗಿದ್ದ ಇಸ್ರೇಲಿ ಮಹಿಳೆಯ ಮೇಲೆ ಅತ್ಯಾಚಾರ ಆಯ್ತು, ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಹುಡುಗ ಸತ್ತ. ನಮ್ಮ ಮಾನ್ವಿಯ ಗದ್ದೆಗೆ ನೀರು ತರೋ ಅದೇ ತುಂಗಭದ್ರಾ ಎಡದಂಡೆ ಕಾಲುವೆ. ಆ ಸುದ್ದಿ ಬಂದ ದಿನ ನಮ್ಮೂರಲ್ಲಿ ಯಾರಿಗೂ ಮಾತೇ ಹೊರಡಲಿಲ್ಲ. ಅದನ್ನ ತೋರಿಸಿ "ಅದಕ್ಕಾ ಕ್ಯಾಮೆರಾ ಬೇಕು" ಅನ್ನೋರನ್ನ ಕಂಡ್ರೆ ನನಗೆ ಸಿಟ್ಟು ನೆತ್ತಿಗೇರುತ್ತೆ. ಅದು ನಡೆದದ್ದು ಕಾಲುವೆ ದಂಡೆಯ ಕತ್ತಲಲ್ಲಿ. ಬೇಕಿದ್ದದ್ದು ಅಲ್ಲಿ ದೀಪ, ಪೊಲೀಸ್ ಬೀಟು. ನಿನ್ನ ಹಾಲಿನ ಟಿವಿ ಪಕ್ಕದ ಕ್ಯಾಮೆರಾ ಯಾವ ಹೆಣ್ಣುಮಗಳನ್ನ ಯಾರಿಂದ ಕಾಯ್ತಿದೆ?

ಮನೆಯವರೆಲ್ಲ ಕೆಟ್ಟವರು ಅಂತಲ್ಲ. 2022ರಲ್ಲಿ ನೋಯ್ಡಾದ ಹೋಟೆಲಿನ ಕೇಸಲ್ಲಿ ಕ್ಯಾಮೆರಾ ಬಚ್ಚಿಟ್ಟಿದ್ದು ಅತಿಥಿಗಳಾಗಿ ಬಂದು ಹೋದವರೇ ಅಂತ ಪೊಲೀಸರು ಹೇಳಿದ್ರು. ರೂಮು ಮಾಡಿ, ಇಟ್ಟು, ಮುಂದೆ ಬಂದ ಜೋಡಿಯನ್ನ ಚಿತ್ರೀಕರಿಸಿ, ಬೆದರಿಸಿ ದುಡ್ಡು ಕೇಳೋದು. ಹಾಗಾಗಿ ಪ್ರತಿ ಅತಿಥಿ ಹೋದ ಮೇಲೆ ಪ್ಲಗ್ಗು, ಗಡಿಯಾರ, ಚಾರ್ಜರ್, ಸೆಟ್‌ಟಾಪ್ ಬಾಕ್ಸ್ ತಿರುವಿ ನೋಡೋದು ಮನೆಯವರ ಕೆಲಸವೂ ಹೌದು. 2019ರಲ್ಲಿ ದಕ್ಷಿಣ ಕೊರಿಯಾದ 30 ಮೋಟೆಲ್‌ಗಳಲ್ಲಿ ಸುಮಾರು 1,600 ಜನರನ್ನ ಚಿತ್ರೀಕರಿಸಿ ನೇರ ಪ್ರಸಾರ ಮಾಡಿದ್ದ ಕ್ಯಾಮೆರಾಗಳು ಟಿವಿ ಬಾಕ್ಸು, ಗೋಡೆಯ ಸಾಕೆಟ್ಟು, ಹೇರ್ ಡ್ರೈಯರ್ ಸ್ಟ್ಯಾಂಡಿನ ಒಳಗಿದ್ದವು.

ನೀವು ಅತಿಥಿಯಾಗಿ ಹೋದಾಗಲೂ ಇವನ್ನೇ ಮೊದಲು ನೋಡಿ. ದೀಪ ಆರಿಸಿ ಫೋನಿನ ಟಾರ್ಚ್ ಹಿಡಿದ್ರೆ ಮಸೂರ ಮಿನುಗುತ್ತೆ. ಅಲ್ಲಿಯ ವೈಫೈಗೆ ಯಾವ್ಯಾವ ಸಾಧನ ಜೋಡಿಸಿವೆ ಅಂತ ತೋರಿಸೋ ಉಚಿತ ಆ್ಯಪ್‌ಗಳಿವೆ, ಆದ್ರೆ ಸಿಮ್ ಹಾಕಿದ ಅಥವಾ ಮೆಮೊರಿ ಕಾರ್ಡಿಗೆ ಬರೆಯೋ ಕ್ಯಾಮೆರಾ ಅದರಲ್ಲಿ ಕಾಣಲ್ಲ. ಸಿಕ್ಕಿದ್ರೆ ಕಿತ್ತು ಹಾಕಬೇಡಿ. ಇದ್ದ ಹಾಗೇ ಫೋಟೋ, ವಿಡಿಯೋ ತಗೊಂಡು, ಆ್ಯಪ್‌ನ ಚಾಟ್‌ನಲ್ಲೇ ದೂರು ಬರೆದು, ಬಾತ್‌ರೂಮು ಬೆಡ್‌ರೂಮಿನದಾದ್ರೆ ಸೀದಾ 112ಕ್ಕೆ ಫೋನ್ ಮಾಡಿ. ಮನೆಯವನು ಫೋನಲ್ಲೇ ಬಗೆಹರಿಸೋಣ ಸಾರ್ ಅಂದ್ರೆ ಒಪ್ಪಬೇಡಿ, ಏನು ಹೇಳೋದಿದ್ರೂ ಬರೆದು ಕಳಿಸಿ ಅನ್ನಿ.