ಸೆರೆಯಲ್ಲಿದ್ದವನ ಮನೆಯವರು

ಕಳೆದ ಸಂತೆಯ ದಿನ ಗಿರಣಿ ಚಾಳಿನ ಒಬ್ಬ ತಾಯಿ ನಮ್ಮ ಕಚೇರಿಗೆ ಬಂದು, ಸೆರಗಿನಲ್ಲಿ ಸುತ್ತಿ ತಂದಿದ್ದ ಇನ್‌ಲ್ಯಾಂಡ್ ಪತ್ರವೊಂದನ್ನು ಮೇಜಿನ ಮೇಲಿಟ್ಟಳು. "ಮಾಸ್ತರ, ನಮ್ಮ ಹುಡುಗಗ ಎರಡು ಅಕ್ಷರ ಬರದು ಕೊಡ್ರಿ" ಎಂದಳು. ಹುಡುಗ ಕಳವಿನ ಆಪಾದನೆಯ ಮೇಲೆ ಸೆರೆಮನೆಯಲ್ಲಿದ್ದಾನೆ. ಕದ್ದನೋ ಇಲ್ಲವೋ ನಾವು ಅರಿಯೆವು. ಅದನ್ನು ಹೇಳಬೇಕಾದುದು ನ್ಯಾಯಾಲಯ. ಜಾಮೀನಿನ ಆಜ್ಞೆಯಾಗಿ ಎರಡು ತಿಂಗಳಾದರೂ ಜಾಮೀನು ನಿಲ್ಲುವವರು ಸಿಕ್ಕದೆ ಒಳಗೇ ಉಳಿದಿದ್ದಾನೆ.

ಏನು ಬರೆಯಬೇಕೆಂದು ಕೇಳಿದೆವು. "ತಂಗಿ ಸಾಲಿ ಬಿಟ್ಟಿಲ್ಲ ಅಂತ ಬರೀರಿ. ಮಾಳಿಗಿ ಸೋರೂದು ನಿಂತೈತಿ ಅಂತ ಬರೀರಿ. ನಾ ಅರಾಮ ಅದೀನಿ ಅನ್ರಿ" ಎಂದಳು. ಮಗ ಒಳಗೆ ಹೋಗಿ ನಾಲ್ಕು ತಿಂಗಳು. ಮನೆಯಿಂದ ಅವನಿಗೆ ಹೋಗುವ ಮೊದಲ ಕಾಗದ ಇದು. ಇಷ್ಟು ದಿನ ಯಾಕೆ ಬರಲಿಲ್ಲವೆಂದು ಕೇಳಿದಾಗ ಆಕೆ ಹೇಳಿದ್ದು ಒಂದೇ ಮಾತು: "ಯಾರ ಮುಂದ ಹೇಳಲಿ, ಮಾಸ್ತರ? ಹೇಳಿದರ ಎದ್ದು ಹೋಗ್ತಾರ."

ಆ ಹುಡುಗ ನಾವು ಮಾಸ್ತರಿಕೆ ಮಾಡುತ್ತಿದ್ದಾಗ ನಮ್ಮ ಮುಂದೆಯೇ ಪಾಟಿ ಹಿಡಿದು ಕುಳಿತವನು. ಅವನು ಸೆರೆಯಲ್ಲಿರುವ ಸುದ್ದಿ ನಮ್ಮ ಕಿವಿಗೆ ಬಿದ್ದಿತ್ತು. ನಾವು ಅವನ ಮನೆಯ ಬಾಗಿಲಿಗೆ ಹೋಗಿರಲಿಲ್ಲ. ಎದ್ದು ಹೋದವರ ಸಾಲಿನಲ್ಲಿ ನಾವೂ ಇದ್ದೆವೆಂಬುದನ್ನು ಮೊದಲು ಒಪ್ಪಿಕೊಂಡು, ಅನಂತರ ವಾಚಕರೊಡನೆ ಈ ವಿಷಯ ಮಾತನಾಡುವುದು ನ್ಯಾಯ.

ಸೆರೆಮನೆ ನಮ್ಮ ಪಕ್ಷಕ್ಕೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಜನ ತಂಡತಂಡವಾಗಿ ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರು ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರು; ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಜೂನ್‌ನಲ್ಲಿ, ಸಮಾಜವಾದಿ ನಾಯಕ ಮಧು ದಂಡವತೆಯವರನ್ನು ಬೆಂಗಳೂರಿನಲ್ಲಿ ಹಿಡಿದು ಅಲ್ಲಿಯ ಸೆರೆಮನೆಯಲ್ಲಿಟ್ಟರು. ಅವರ ಮಡದಿ ಪ್ರಮೀಳಾ ದಂಡವತೆ ಪುಣೆಯ ಯೆರವಡಾ ಸೆರೆಮನೆಯಲ್ಲಿದ್ದರು. ಗಂಡಹೆಂಡಿರಿಬ್ಬರೂ ಒಂದು ಸೆರೆಯಿಂದ ಇನ್ನೊಂದು ಸೆರೆಗೆ ಕಾಗದ ಬರೆಯುತ್ತಲೇ ಆ ದಿನಗಳನ್ನು ಕಳೆದರು. ಓದುಬರಹ ಬಲ್ಲವರಿಗೆ, ದೇಶವೇ ಹೆಸರು ಬಲ್ಲವರಿಗೆ, ಕಾಗದ ಅಷ್ಟು ಬೇಕಾಗಿತ್ತಾದರೆ, ಹೆಸರಿಲ್ಲದ ಗಿರಣಿ ಹುಡುಗನಿಗೆ ಎಷ್ಟು ಬೇಕಾದೀತು?

ಚಳವಳಿಯಲ್ಲಿ ಸೆರೆಗೆ ಹೋದವನನ್ನು ಗೇಟಿನ ಮುಂದೆ ಹಾರ ಹಾಕಿ ಕರೆತರುತ್ತೇವೆ. ಆಪಾದನೆ ಹೊತ್ತು ಹೋದ ಬಡವನ ಮನೆಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತೇವೆ. ಮೊದಲನೆಯವನ ಮನೆಗೆ ಊರೇ ಬಂಧು. ಎರಡನೆಯವನ ಮನೆಗೆ ಅಂಗಡಿಯ ಉದ್ರಿಯೂ ಇಲ್ಲ. ಇದು ಸಮಾಜವಾದವಲ್ಲ.

ಸೆರೆಯಲ್ಲಿರುವವನು ಅಪರಾಧಿಯೇ ಎಂದು ಭಾವಿಸುವವರು ಸರಕಾರದ ಲೆಕ್ಕವನ್ನೇ ನೋಡಲಿ. 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿದ್ದವರು 5,73,220 ಜನ. ಇವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ತೀರ್ಮಾನವಾಗಿರಲಿಲ್ಲ. ಹಣವಂತನು ಜಾಮೀನು ಕೊಟ್ಟು ಸಂಜೆಗೆ ಮನೆಗೆ ಬರುತ್ತಾನೆ. ಬಡವನಿಗೆ ವಿಚಾರಣೆಗೆ ಮೊದಲೇ ಶಿಕ್ಷೆ. ಆ ಶಿಕ್ಷೆಯಲ್ಲಿ ಅರ್ಧಪಾಲು ಹೊರಗಿರುವ ತಾಯಿಯದು, ಹೆಂಡತಿಯದು, ಮಕ್ಕಳದು.

1978ರಲ್ಲಿ ಮಧ್ಯಪ್ರದೇಶದ ಮೋತಿರಾಮ ಎಂಬ ಗೌಂಡಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೆಳಗಿನ ನ್ಯಾಯಾಲಯ 10,000 ರೂಪಾಯಿ ಜಾಮೀನು ಕೇಳಿತ್ತು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನ ಜಾಮೀನನ್ನು ತಳ್ಳಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದನ್ನು ತಪ್ಪೆಂದು ಹೇಳಿ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದರು. 2023ರ ಜನವರಿಯಲ್ಲಿ ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಜಾಮೀನಿನ ಆಜ್ಞೆಯಾಗಿ ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಸೆರೆಮನೆಯ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕು. ಹಣವಿಲ್ಲದ ಕೈದಿಗೆ ನೆರವಾಗಲು ಕೇಂದ್ರ ಸರಕಾರ 2023ರಲ್ಲಿ ಮಾಡಿದ ಯೋಜನೆಯಲ್ಲಿ ಜಾಮೀನಿಗೆ ಹಣ ಕೊಡಲು ಅವಕಾಶವಿದೆ. ಕೆಲವು ಬಗೆಯ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗದವನು ಆಪಾದಿತ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ವಿಚಾರಣೆಯಲ್ಲೇ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇರುವವನಿಗೂ ಇದು ಸಲ್ಲುವುದಿಲ್ಲ.

ಕಾನೂನು ಪುಸ್ತಕದಲ್ಲಿದೆ. ಅದನ್ನು ಸೆರೆಮನೆಯ ಗೇಟಿನವರೆಗೆ ಹೊತ್ತುಕೊಂಡು ಹೋಗುವವರು ಬೇಕು. ಹೊರಗೆ ಕೇಳುವವರಿಲ್ಲದ ಕೈದಿಯ ಕಡತ ಎಲ್ಲಿಟ್ಟರೆ ಅಲ್ಲೇ ಇರುತ್ತದೆ.

ಆದುದರಿಂದ ಮನೆಯವರಿಗೆ ನಮ್ಮ ಮಾತು ಇಷ್ಟು. ನಾಚಿಕೆಯಿಂದ ಮೌನವಾಗಬೇಡಿರಿ. ವಾರಕ್ಕೊಂದು ಕಾರ್ಡಾದರೂ ಬರೆಯಿರಿ, ಬರೆಸಿರಿ. ಕೈದಿಯ ಹೆಸರು, ತಂದೆಯ ಹೆಸರು, ನಂಬರು ವಿಳಾಸದಲ್ಲಿರಲಿ. ಕಾಗದಗಳನ್ನು ಸೆರೆಮನೆಯವರು ಓದುತ್ತಾರೆ. ಮೊಕದ್ದಮೆಯ ಸಂಗತಿಯನ್ನು ಅದರಲ್ಲಿ ಬರೆಯದೆ ವಕೀಲರ ಹತ್ತಿರ ಹೇಳಿರಿ. ಮನೆಯ ಸುದ್ದಿ ಬರೆಯಿರಿ. ನೆರೆಮನೆಯ ಮದುವೆ, ಮಗಳ ಪರೀಕ್ಷೆ, ಮಳೆಬೆಳೆ, ಯಾವುದೂ ಸಣ್ಣದಲ್ಲ. ಕಷ್ಟವನ್ನು ಮುಚ್ಚಿಡಬೇಕೆಂದಿಲ್ಲ, ಆದರೆ ಒಳಗಿದ್ದು ಏನೂ ಮಾಡಲಾಗದವನ ತಲೆಯ ಮೇಲೆ ಎಲ್ಲವನ್ನೂ ಹೇರಬೇಡಿರಿ. ಭೇಟಿಗೆ ಹೋಗುವ ಮೊದಲು ದಿನ, ಹೊತ್ತು, ತೋರಿಸಬೇಕಾದ ಗುರುತಿನ ಚೀಟಿ ಯಾವುದೆಂದು ವಿಚಾರಿಸಿಕೊಂಡರೆ ಒಂದು ದಿನದ ಕೂಲಿ ಉಳಿದೀತು. ಮುಂದಿನ ತಾರೀಖು ಯಾವುದೆಂದು ಬರೆದಿಟ್ಟುಕೊಳ್ಳಿರಿ. "ಬಿಡಿಸಿ ಕೊಡ್ತೀನಿ" ಎಂದು ಗೇಟಿನ ಹೊರಗೆ ಸುತ್ತುವ ದಲ್ಲಾಳಿಗೆ ತಾಳಿ ಬಿಚ್ಚಿ ಕೊಡಬೇಡಿರಿ. ಬಂಧನದಲ್ಲಿರುವವನಿಗೆ, ವರಮಾನ ಎಷ್ಟೇ ಇರಲಿ, ಉಚಿತ ವಕೀಲನನ್ನು ಪಡೆಯುವ ಹಕ್ಕನ್ನು 1987ರ ಕಾನೂನು ಸೇವೆಗಳ ಕಾಯಿದೆ ಕೊಟ್ಟಿದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕೇಳಿರಿ, ಫೋನಿನಲ್ಲಾದರೆ 15100.

ಗಿರಣಿ ಕೆಲಸಗಾರರಿಗೆ ಇನ್ನೊಂದು ಮಾತು. ಮಗ್ಗದ ಬದಿಯಲ್ಲಿ ನಿಂತವನು ಸೆರೆಗೆ ಹೋದರೆ ಅವನ ಮನೆಗೆ ಹೋಗುವುದು ಅವನ ತಪ್ಪನ್ನು ಸಮರ್ಥಿಸಿದಂತೆ ಅಲ್ಲ. ನೊಂದ ಪಕ್ಷಕ್ಕೂ ನ್ಯಾಯ ಸಿಗಲೇಬೇಕು. ಆದರೆ ಅವನ ಮಕ್ಕಳು ಸಾಲೆ ಬಿಡುವುದರಿಂದ ಯಾರಿಗೂ ನ್ಯಾಯ ಸಿಗದು. ನಾಳೆ ಅವನು ಹೊರಬಂದಾಗ ಮನೆಯ ಬಾಗಿಲು ತೆರೆದಿದ್ದರೆ ಕೆಲಸಕ್ಕೆ ಮರಳುತ್ತಾನೆ. ಮುಚ್ಚಿದ್ದರೆ ಎಲ್ಲಿಗೆ ಹೋದಾನು?

ಸಣ್ಣ ವ್ಯಾಪಾರಸ್ಥರಿಗೆ ಕೊನೆಯ ಮಾತು. ಚಾಳಿನವರ ಹತ್ತಿರ ಇಲ್ಲದ ಒಂದು ವಸ್ತು ನಿಮ್ಮಲ್ಲಿದೆ: ಮನೆಯ, ಮಳಿಗೆಯ ಕಂದಾಯದ ರಶೀದಿ. ಜಾಮೀನಿಗೆ ಬೇಕಾದದ್ದು ಅದೇ. ಅಪಾಯವಿಲ್ಲವೆಂದು ಸುಳ್ಳು ಹೇಳಲಾರೆವು. ಆಪಾದಿತನು ತಾರೀಖಿಗೆ ತಪ್ಪಿಸಿಕೊಂಡರೆ ನಿಂತವನು ಹಣ ತೆರಬೇಕಾದೀತು. ಅದಕ್ಕಾಗಿಯೇ ಒಬ್ಬರ ಮೇಲೆ ಭಾರ ಬೀಳದಂತೆ, ಅವನನ್ನು ಪ್ರತಿ ತಾರೀಖಿಗೂ ಹಾಜರು ಮಾಡಿಸುವ ಹೊಣೆಯನ್ನು ಅವನ ಪಾಳಿಯ ಕೆಲಸಗಾರರೇ ಹೊರಬೇಕೆಂದು ಕೇಳುತ್ತಿದ್ದೇವೆ. ಉದ್ರಿ ಪುಸ್ತಕದಲ್ಲಿ ಆ ಮನೆಯ ಹಾಳೆಯನ್ನು ಮಾತ್ರ ಹರಿಯಬೇಡಿರಿ.

ಆ ತಾಯಿಯ ಕಾಗದ ಅಂದೇ ಟಪಾಲಿಗೆ ಬಿದ್ದಿದೆ. ಅದರ ಕೆಳಗೆ ನಮ್ಮದೂ ಒಂದು ಸಾಲು ಸೇರಿಸಿದ್ದೇವೆ, ತಡವಾಗಿ ಬರೆದುದಕ್ಕೆ ಕ್ಷಮೆ ಕೇಳಿ. ಈ ವಾರ ಕಾನೂನು ಸೇವೆಗಳ ಕಚೇರಿಗೆ ಆಕೆಯೊಡನೆ ಹೋಗಲಿದ್ದೇವೆ. ಜಾಮೀನು ನಿಲ್ಲುವ ಒಬ್ಬರು ಬೇಕಾಗಿದ್ದಾರೆ. ಇನ್ನು ಮುಂದೆ ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಯಲ್ಲಿ ಸೆರೆಮನೆಗೆ ಕಾಗದ ಬರೆದುಕೊಡುವೆವು. ಬಂದವರನ್ನು ಯಾವ ಕಲಮಿನ ಕೇಸೆಂದು ಕೇಳುವುದಿಲ್ಲ. ಏನು ಬರೆಯಬೇಕೆಂದಷ್ಟೇ ಕೇಳುತ್ತೇವೆ. ಯಾರೂ ಎದ್ದು ಹೋಗುವುದಿಲ್ಲ.