ಮೂಲೆಯ ಸಹಿ ಕತ್ತರಿಸಬೇಡಿ ಸ್ವಾಮೀ

ಮೊನ್ನೆ ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಮಸ್ಕಿ ಬಸ್ಸಿಗೆ ಕಾಯ್ತಾ ಕೂತಿದ್ದೆ. ಗೆಳೆಯನೊಬ್ಬ ಹಳೇ ‘ಚಂದಮಾಮ’ದ ಮುಖಪುಟ ಮೊಬೈಲಿಗೆ ಕಳಿಸಿದ. ಮಹಾಭಾರತದ ಚಿತ್ರ. ಕೆಳಗೆ "ಆಹಾ, ನಮ್ಮ ಬಾಲ್ಯ!" ಅಂತ ಒಕ್ಕಣೆ. ಯಾರು ಬಿಡಿಸಿದ್ದೋ ಅಂತ ಕೇಳಿದೆ. "ಚಂದಮಾಮದ್ದು" ಅಂದ. ಚಂದಮಾಮ ತಾನೇ ಕುಂಚ ಹಿಡೀತದೇನು?

ಅದು ಎಂ.ಟಿ.ವಿ. ಆಚಾರ್ಯರದು. ಮೈಸೂರು ಸೀಮೆಯಿಂದ ಮದ್ರಾಸಿಗೆ ಹೋಗಿ, 1950ರ ದಶಕದಲ್ಲಿ ಮುಖಪುಟದ ಮೇಲೆ ಮಹಾಭಾರತ ಬಿಡಿಸಿದವರು. ಆಮೇಲೆ ಬೆಂಗಳೂರಿಗೆ ಬಂದು ಅಂಚೆಯಲ್ಲಿ ಚಿತ್ರಕಲೆ ಕಲಿಸಿದರು. ಲಿಂಗಸುಗೂರಿನ ನಮ್ಮ ಡ್ರಾಯಿಂಗ್ ಮಾಸ್ತರು ಆ ಮುಖಪುಟಗಳನ್ನು ಗೋಡೆಗೆ ಅಂಟಿಸಿ, "ಮೊದ್ಲು ಸಹಿ ನೋಡ್ರಿ, ಆಮ್ಯಾಲೆ ಚಿತ್ರ ನೋಡ್ರಿ" ಅಂತಿದ್ದರು. ಗೆಳೆಯ ಕಳಿಸಿದ್ದರಲ್ಲಿ ಆ ಸಹಿಯ ಮೂಲೆಯೇ ಮಾಯ! ಚೌಕಕ್ಕೆ ಹೊಂದಲಿ ಅಂತ ಯಾರೋ ಕತ್ತರಿಸಿದ್ದಾರೆ.

ನಾನೂ ಸಾಚಾ ಅಲ್ಲ ಬಿಡಿ. ಹಿಂದೊಮ್ಮೆ ಇಲ್ಲೇ, ಹೆಗಲ ಮೇಲೆ ಶವ ಹೊತ್ತು ಕತ್ತಿ ಹಿಡಿದ ವಿಕ್ರಮನ ಚಿತ್ರ ಹಾಕಿದ್ದೆ. ಶಂಕರ್ ಹೆಸರು ಬರೆದಿರಲಿಲ್ಲ. ಕೆ.ಸಿ. ಶಿವಶಂಕರನ್ ತೊಂಬತ್ತು ದಾಟಿ 2020ರಲ್ಲಿ ತೀರಿಕೊಂಡರು. ಸರ್ಕಾರಕ್ಕೆ ನೆನಪಾಗಿ ಪದ್ಮಶ್ರೀ ಕೊಟ್ಟದ್ದು 2021ರಲ್ಲಿ! ನನಗೂ ಸರ್ಕಾರಕ್ಕೂ ಏನು ವ್ಯತ್ಯಾಸ ಹೇಳಿ?

"ಚಿತ್ರ ಚೆನ್ನಾಗಿದ್ರೆ ಸಾಕು, ಹೆಸರು ಯಾಕೆ?" ಅಂತ ಕೆಲವರ ವಾದ. ಅಂಥವರು ಒಮ್ಮೆ ಮಸ್ಕಿಗೆ ಬನ್ನಿ. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಅಶೋಕನೇ ಅಂತ ಖಾತ್ರಿಯಾದದ್ದು, 1915ರಲ್ಲಿ ಇಲ್ಲಿ ಸಿಕ್ಕ ಬಂಡೆ ಶಾಸನದಲ್ಲಿ ಅವನ ಹೆಸರಿತ್ತು ಅಂತ. ಹೆಸರಿಗೆ ಬೆಲೆ ಇಲ್ಲವೇ?

ರಾಜನಿಗೇನೋ ಸರಿ, ಕೈಕೆಲಸದವನಿಗೆ ಯಾಕೆ ಅಂತೀರಾ? ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋಗಿ. ಅಲ್ಲಿಯ ಅಶೋಕನ ಶಾಸನದ ಕೊನೆಗೆ ಲಿಪಿಕಾರ ಚಪಡನ ಹೆಸರಿದೆ. ಚಕ್ರವರ್ತಿಯ ಮಾತಿನ ಕೆಳಗೆ ಒಬ್ಬ ನೌಕರನ ಸಹಿ! ಎರಡು ಸಾವಿರ ವರ್ಷ ಮಳೆ, ಬಿಸಿಲು ತಿಂದೂ ಉಳಿದಿದೆ. ಆಚಾರ್ಯರ ಸಹಿ ನಮ್ಮ ಕೈಯಲ್ಲಿ ಎಪ್ಪತ್ತು ವರ್ಷ ಬಾಳಲಿಲ್ಲ.

ಇದು ಮರೆವಲ್ಲ, ಕಳವು. ಅವರ ದುಡಿಮೆಗೆ ‘ನಮ್ಮ ಬಾಲ್ಯ’ ಅಂತ ನಮ್ಮ ಹೆಸರು ಹಚ್ಚಿಕೊಳ್ತೀವಿ, ಅಷ್ಟೇ.

ಬ್ಲಾಗಿಗ ಮಿತ್ರರಲ್ಲಿ ಒಂದೇ ವಿನಂತಿ. ಚಿತ್ರ ಹಾಕಿದರೆ ಪೂರ್ತಿ ಹಾಕಿ, ಬಿಡಿಸಿದವರ ಹೆಸರು ಬರೆಯಿರಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ತಿಳಿದವರು ಹೇಳಿ" ಅಂತಾದರೂ ಬರೆಯಿರಿ. ನನ್ನ ವಿಕ್ರಮನ ಕೆಳಗೆ ನಿನ್ನೆ ರಾತ್ರಿ ಶಂಕರ್ ಹೆಸರು ಸೇರಿಸಿದೆ.

ನೀವೇನಂತೀರಿ?