ಒತ್ತಡದ ಮಾತ್ರೆಯನ್ನು ಬಿಡಬಹುದೆ?

ಬಿ.ಎಸ್‌ಸಿ. ಮೊದಲ ವರ್ಷದ ತರಗತಿಯಲ್ಲಿ ಒಂದು ದಿನ ಪ್ವಾಸ್ಯೇನ ನಿಯಮವನ್ನು ಪಾಠ ಹೇಳುತ್ತಿದ್ದೆನು. ಕೊಳವೆಯ ತ್ರಿಜ್ಯವು ಹತ್ತರಲ್ಲಿ ಒಂದು ಪಾಲು ಕುಗ್ಗಿದರೆ ಅದರೊಳಗಿನ ಹರಿವೂ ಹತ್ತರಲ್ಲಿ ಒಂದು ಪಾಲು ಮಾತ್ರ ಕುಗ್ಗುವುದೆಂದು ತಿಳಿಯಬಾರದು. ಹರಿವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ ಅದು ನೂರಕ್ಕೆ 66ಕ್ಕೆ ಇಳಿಯುವುದು. ಮೊದಲಿನಷ್ಟೇ ದ್ರವ ಹರಿಯಬೇಕಾದರೆ ಒತ್ತಡವನ್ನು ಒಂದೂವರೆ ಪಟ್ಟು ಏರಿಸಬೇಕು. ನಮ್ಮ ಸಣ್ಣ ರಕ್ತನಾಳಗಳಿಗೂ ಈ ಮಾತು ಬಹುಮಟ್ಟಿಗೆ ಸಲ್ಲುವುದೆಂದು ಹೇಳಿದಾಗ, ಆಳಂದದ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು ಕೇಳಿದಳು: “ಹಂಗಾದ್ರ ನಮ್ಮ ಅಜ್ಜಿ ಬಿ.ಪಿ. ಗುಳಿಗಿ ಸಾಯೂತನಕಾ ಯಾಕ ತಗೋಬೇಕ್ರಿ ಸರ? ಕೊಳವಿ ಒಮ್ಮೆ ಅಗಲ ಆದ್ರ ಸಾಕಲ್ರಿ?”

ಪ್ರಶ್ನೆ ಸರಳವಾಗಿತ್ತು, ಉತ್ತರ ನನ್ನಲ್ಲಿರಲಿಲ್ಲ. ನನ್ನ ಕೊಳವೆ ಗಾಜಿನದು, ಅವಳ ಅಜ್ಜಿಯದು ಜೀವವುಳ್ಳದ್ದು. ಈ ಭೇದವನ್ನು ನಾವು ಭೌತವಿಜ್ಞಾನದವರು ಜೀವವಿಜ್ಞಾನದವರ ಪಾಲಿಗೆ ಬಿಟ್ಟುಕೊಟ್ಟು ಸುಮ್ಮನಿದ್ದೇವೆ.

ರಕ್ತನಾಳದ ಗೋಡೆಯಲ್ಲಿ ಸ್ನಾಯುಕೋಶಗಳು ಬಳೆಯಂತೆ ಸುತ್ತಿಕೊಂಡಿವೆ. ಅವು ಬಿಗಿಯಬೇಕೋ ಸಡಿಲಬೇಕೋ ಎಂಬ ಅಪ್ಪಣೆ ಕ್ಷಣಕ್ಷಣಕ್ಕೂ ಅಣುಗಳ ರೂಪದಲ್ಲಿ ಬಂದು ತಲುಪುತ್ತಿರುವುದು. ಹೃದಯದ ಸ್ನಾಯುವಿಗೂ ಹಾಗೆಯೇ. ಈ ಅಪ್ಪಣೆಗಳಲ್ಲೆಲ್ಲ ಮುಖ್ಯವಾದ ದೂತ ಕ್ಯಾಲ್ಸಿಯಂ. ನಾವು ಸುಣ್ಣವೆಂದು ಕರೆಯುವ ವಸ್ತುವಿನ ಮೂಲಧಾತು. ಅದರ ಮಹಿಮೆ ತಿಳಿದುಬಂದ ಬಗೆಯೂ ಸ್ವಾರಸ್ಯವಾದುದು. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪಿನ ದ್ರಾವಣದಲ್ಲಿ ಮಿಡಿಯಿಸುತ್ತಿದ್ದನು. ದ್ರಾವಣಕ್ಕೆ ಬಟ್ಟಿ ಇಳಿಸಿದ ನೀರಿನ ಬದಲು ಊರ ನಲ್ಲಿಯ ನೀರನ್ನೇ ಬಳಸಲಾಗಿದೆಯೆಂಬುದು ಅವನಿಗೆ ಆಮೇಲೆ ಗೊತ್ತಾಯಿತು. ಶುದ್ಧವಾದ ನೀರಿನಲ್ಲಿ ಪ್ರಯೋಗವನ್ನು ಮತ್ತೆ ಮಾಡಿದಾಗ ಹೃದಯ ಸೋತು ನಿಂತಿತು. ತುಸು ಕ್ಯಾಲ್ಸಿಯಂ ಬೆರೆಸಲು ಮತ್ತೆ ಮಿಡಿಯಿತು. ಇದು ಪ್ರಕಟವಾದುದು 1883ರಲ್ಲಿ. ನಮ್ಮ ಕಡೆಯ ಕೊಳವೆಬಾವಿಯ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪರೆ ಕಟ್ಟುವುದಷ್ಟೆ? ಆ ಪರೆಯಲ್ಲಿರುವುದೂ ಬಹುಮಟ್ಟಿಗೆ ಇದೇ ಧಾತು. (ಇದನ್ನು ಓದಿ, ಗಡಸು ನೀರೇ ರಕ್ತದೊತ್ತಡಕ್ಕೆ ಕಾರಣವೆಂದು ಯಾರೂ ಊಹಿಸಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕೆಂಬುದನ್ನು ದೇಹವು ತಾನೇ ಬಿಗಿಯಾಗಿ ಕಾಯ್ದುಕೊಳ್ಳುವುದು.)

ವಿಶ್ರಾಂತ ಸ್ಥಿತಿಯಲ್ಲಿ ಕೋಶದ ಹೊರಗಿರುವ ಕ್ಯಾಲ್ಸಿಯಂ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ವಿದ್ಯುತ್ತಿನ ಲೆಕ್ಕದಲ್ಲಿ ಇದು 120 ಮಿಲಿವೋಲ್ಟಿನಷ್ಟಾಗುವುದು. ಕೆರೆಯ ಏರಿಯ ಹಿಂದೆ ನಿಂತ ನೀರಿನಂತೆ ಅದು ಕಾದು ನಿಂತಿರುತ್ತದೆ. ಕೋಶಪೊರೆಯ ತೂಬು ತೆರೆದೊಡನೆ ಒಳನುಗ್ಗುವುದು. ಹೃದಯದಲ್ಲಿ ಹೀಗೆ ಬಂದ ಸ್ವಲ್ಪವು ಕೋಶದೊಳಗಿನ ದಾಸ್ತಾನನ್ನೇ ತೆರೆಸಿ, ಟ್ರೊಪೋನಿನ್ ಎಂಬ ಪ್ರೋಟೀನನ್ನು ಹಿಡಿದು, ಸ್ನಾಯುವನ್ನು ಸಂಕುಚಿಸುವುದು. ಮರುಕ್ಷಣವೇ ಅದನ್ನೆಲ್ಲ ಹೊರಹಾಕಿ, ದಾಸ್ತಾನನ್ನು ತುಂಬಿಸಿ, ಮುಂದಿನ ಮಿಡಿತಕ್ಕೆ ಅಣಿಯಾಗಬೇಕು. ದಿನಕ್ಕೆ ಒಂದು ಲಕ್ಷ ಸಲ! ರಕ್ತನಾಳದ ಸ್ನಾಯುವಿಗೆ ಇಷ್ಟು ಅವಸರವಿಲ್ಲ. ಅಲ್ಲಿ ಕ್ಯಾಲ್ಸಿಯಮ್ಮನ್ನು ಬರಮಾಡಿಕೊಳ್ಳುವುದು ಕ್ಯಾಲ್ಮೊಡ್ಯುಲಿನ್ ಎಂಬ ಬೇರೆ ಪ್ರೋಟೀನು. ಬಿಗಿತ ನಿಧಾನವಾಗಿ ಬರುವುದು, ಗಂಟೆಗಟ್ಟಲೆ ನಿಲ್ಲುವುದು.

ನನ್ನನ್ನು ಬೆರಗುಗೊಳಿಸಿದ ಸಂಗತಿ ಇನ್ನೊಂದು. ಹೃದಯದ ಕೋಶಕ್ಕೆ ಅಡ್ರಿನಲಿನ್ ಬಂದು ತಟ್ಟಿದಾಗ ಒಳಗೆ ಆವರ್ತ ಎ.ಎಂ.ಪಿ. ಎಂಬ ಎರಡನೆಯ ದೂತ ಹುಟ್ಟುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಅದೇ ದೂತ ರಕ್ತನಾಳದ ಸ್ನಾಯುವಿನಲ್ಲಿ ಹುಟ್ಟಿದರೆ ಆ ಸ್ನಾಯು ಸಡಿಲುತ್ತದೆ. ಓಲೆ ಒಂದೇ, ಓದಿಕೊಂಡ ಅರ್ಥ ಎರಡು. ಸಡಿಲಿಸುವ ಓಲೆ ರಕ್ತನಾಳದ ಒಳಪದರದಿಂದಲೂ ಬರುವುದೆಂದು 1980ರಲ್ಲಿ ಫರ್ಚ್‌ಗಾಟ್ ಮೊಲದ ಮಹಾಧಮನಿಯಲ್ಲಿ ತೋರಿಸಿದನು. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಬಾಳುವುದು ಕೆಲವೇ ಸೆಕೆಂಡು. ಈ ಶೋಧಕ್ಕೆ 1998ರಲ್ಲಿ ನೊಬೆಲ್ ಬಹುಮಾನ ಬಂದಿತು. ಹೊಗೆಬತ್ತಿ ಸೇದುವವನು ಈ ಅನಿಲವನ್ನು ತನ್ನ ಕೈಯಾರೆ ಕಡಿಮೆ ಮಾಡಿಕೊಳ್ಳುತ್ತಾನೆ.

ಈಗ ಅಜ್ಜಿಯ ಮಾತ್ರೆಗೆ ಬರೋಣ. ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವ ಆಮ್ಲೊಡಿಪಿನ್ ಕೊಳವೆಯನ್ನು ಕೆತ್ತಿ ಅಗಲಮಾಡುವುದಿಲ್ಲ. ಕ್ಯಾಲ್ಸಿಯಂ ನುಗ್ಗುವ ತೂಬಿಗೆ ಅಡ್ಡವಾಗಿ ನಿಲ್ಲುವುದು, ಅಷ್ಟೆ. ಬಿಗಿಯೆಂಬ ಅಪ್ಪಣೆ ಹಿಂದಿನಿಂದ ಬರುತ್ತಲೇ ಇರುತ್ತದೆ. ಕಾವಲುಗಾರ ಎದ್ದುಹೋದರೆ ತೂಬು ಮೊದಲಿನಂತೆಯೇ ತೆರೆಯುವುದು. ಆದರೆ ಈ ಔಷಧದ ಅರ್ಧಾಯುಷ್ಯ 30ರಿಂದ 50 ಗಂಟೆ. ಆದುದರಿಂದ ಅವನು ಒಮ್ಮೆಗೇ ಏಳದೆ ಕೆಲವು ದಿನಗಳಲ್ಲಿ ಮೆಲ್ಲಗೆ ಸರಿದುಹೋಗುವನು.

ಮೋಸವಿರುವುದು ಇಲ್ಲಿಯೇ. ಅಫಜಲಪುರ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನವರು ಒಂದು ಬೇಸಗೆಯಲ್ಲಿ ಒತ್ತಡವನ್ನು ಅಳೆಯಿಸಿಕೊಂಡು, ಅದು ಸರಿಯಾಗಿದೆಯೆಂದು ಮಾತ್ರೆಯನ್ನು ಬಿಟ್ಟರು. ಮೂರು ದಿನವಾದರೂ ಏನೂ ಆಗಲಿಲ್ಲವೆಂದು ಸಂತೆಯಲ್ಲೆಲ್ಲ ಹೇಳಿಕೊಂಡು ಬಂದರು. 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಚರ್ಮದ ರಕ್ತನಾಳಗಳು ತಾವಾಗಿಯೇ ಅಗಲವಾಗುವುವು, ಬೆವರಿನಲ್ಲಿ ಉಪ್ಪೂ ನೀರೂ ಹೋಗುವುವು; ಒತ್ತಡ ಇಳಿದು ತೋರುವುದು ಸಹಜ. ಅಂತಹ ಸಮಯದಲ್ಲಿ ಪ್ರಮಾಣವನ್ನು ತಗ್ಗಿಸಬೇಕೆ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಮಾವನವರು ತಾವೇ ನಿರ್ಧರಿಸಿದರು. ಆ ವರ್ಷದ ಚಳಿಗಾಲದಲ್ಲಿ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು. ಅಟೆನೊಲಾಲಿನಂತಹ ಬೇರೊಂದು ಜಾತಿಯ ಮಾತ್ರೆಯನ್ನು ಥಟ್ಟನೆ ಬಿಡುವುದಂತೂ ಇನ್ನೂ ಅಪಾಯ. ಬಹುಕಾಲ ಅಡ್ರಿನಲಿನ್ನಿನ ದನಿ ಕೇಳಿಸದ ಕೋಶ ತನ್ನ ಕಿವಿಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡಿರುವುದು. ಅಡ್ಡಿ ತೊಲಗಿದೊಡನೆ ಪಿಸುಮಾತೂ ಅದಕ್ಕೆ ಕೂಗಾಗಿ ಕೇಳುವುದು.

ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆಯ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ತೆರೆಯಿತು; ಸಂತೋಷವೇ. ಆದರೆ ಆಳಂದದಿಂದಾಗಲಿ ಜೇವರ್ಗಿಯಿಂದಾಗಲಿ ಅಲ್ಲಿಗೆ ಸುಮಾರು 40 ಕಿಲೊಮೀಟರ್. ಅಫಜಲಪುರ ಇನ್ನೂ ದೂರ. ಮಾತ್ರೆಯಾದರೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ವಸ್ತು. ಅದರೊಡನೆ ಸಿಗದಿರುವುದು ಕಾರಣ. “ಬಿಡಬೇಡಿ” ಎಂಬ ಒಂದೇ ಮಾತನ್ನು ಕೇಳಿದವನು, ಇದೊಂದು ಚಟವೆಂದೋ ಕಂಪನಿಯವರ ಹೂಟವೆಂದೋ ತಿಳಿದರೆ ತಪ್ಪು ಅವನದೊಂದೇ ಅಲ್ಲ.

ವೈದ್ಯಮಿತ್ರರೊಬ್ಬರು ನನ್ನ ಮಾತನ್ನು ಒಪ್ಪಲಿಲ್ಲ. ಎಂಜಿನ್ನಿನ ಒಳಗುಟ್ಟು ತಿಳಿಯದವನೂ ಟ್ರ್ಯಾಕ್ಟರಿಗೆ ಎಣ್ಣೆ ಹಾಕುವುದಿಲ್ಲವೆ ಎಂದು ಅವರ ವಾದ. ಎಣ್ಣೆಯಿಲ್ಲದ ಎಂಜಿನ್ನು ಸದ್ದು ಮಾಡುತ್ತದೆ, ಸ್ವಾಮಿ. ಏರಿದ ರಕ್ತದೊತ್ತಡ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಕಣ್ಣಿಗೆ ಕಾಣದ, ನೋವನ್ನೂ ಕೊಡದ ರೋಗಕ್ಕೆ ದಿನವೂ ಔಷಧ ತಿನ್ನಬೇಕಾದವನಿಗೆ ತಿಳುವಳಿಕೆಯಲ್ಲದೆ ಬೇರೆ ಯಾವ ಎಚ್ಚರಿಕೆಯೂ ಇಲ್ಲ. ಮಾತ್ರೆ ಕೊಡುವ ಕಿಟಕಿಯ ಬಳಿ ತೂಬು, ಕಾವಲುಗಾರರ ಚಿತ್ರವೊಂದನ್ನು ಕನ್ನಡದಲ್ಲಿ ಬರೆಸಿ ತೂಗುಹಾಕಲು ಎಷ್ಟು ವೆಚ್ಚವಾದೀತು? ಭೌತವಿಜ್ಞಾನದ ಪಾಠಪುಸ್ತಕವೂ ಗಾಜಿನ ಕೊಳವೆಯ ಪಕ್ಕದಲ್ಲಿ ಒಂದು ಅಪಧಮನಿಯ ಚಿತ್ರವನ್ನು ಬರೆಯಲಿ.

ಮರುವಾರ ತರಗತಿಯಲ್ಲಿ ಉತ್ತರ ಹೇಳಿದೆನು. ಹುಡುಗಿ ಅದನ್ನು ಊರಿಗೆ ಹೋಗಿ ಅಜ್ಜಿಗೆ ವಿವರಿಸಿದಳಂತೆ. ಎಲ್ಲವನ್ನೂ ಕೇಳಿಕೊಂಡ ಅಜ್ಜಿ, ಕಾವಲುಗಾರ ಬಾಗಿಲಲ್ಲಿರುವಾಗ ಉಪ್ಪಿನಕಾಯಿ ತಿನ್ನಬಹುದೇನೆಂದು ಕೇಳಿದಳಂತೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದು ಚಹಾ ಚಮಚಕ್ಕೂ ಕಡಿಮೆ, ರೊಟ್ಟಿಯೊಡನೆ ಬರುವ ಪಲ್ಯ, ಚಟ್ನಿಗಳನ್ನೆಲ್ಲ ಸೇರಿಸಿ. ಅದನ್ನು ಅಜ್ಜಿಗೆ ಹೇಳುವ ಕೆಲಸವನ್ನು ಮೊಮ್ಮಗಳಿಗೇ ಬಿಟ್ಟಿದ್ದೇನೆ.